ಬರಿ ನೀರಿನ ತೊಟ್ಟಿ

ಆಗ ನನಗೆ ಐವತ್ತೆಂಟು. ಅದಾಗಿ ಈಗ ಹನ್ನೆರಡು ವರ್ಷ. ಬ್ರಹ್ಮಾವರದ ಪೇಟೆಯಿಂದ ಸ್ವಲ್ಪ ಒಳಗೆ, ಹಳೆಯ ಅಕ್ಕಿ ಮಿಲ್ಲಿನ ಕಟ್ಟಡದಲ್ಲಿ ಒಂದು ಲ್ಯಾಬ್ ಇತ್ತು. ಗದ್ದೆಗೆ ಹೊಡೆಯುವ ಮದ್ದು ಎಷ್ಟು ಹಾಕಿದರೆ ಹೊಳೆ ಮೀನು ಸಾಯುತ್ತದೆ ಎಂದು ನೋಡಿ ಕಾಗದ ಬರೆದುಕೊಡುವ ಲ್ಯಾಬ್. ನಾನು ಅಲ್ಲಿ ನೆಲ ಒರೆಸಿ ತೊಟ್ಟಿ ತೊಳೆಯುವವಳು. ಪರೀಕ್ಷೆ ಮಾಡುವವರು ಇನ್ನೊಬ್ಬರಿದ್ದರು. ಮೊದಲು ಎಲ್ಲೋ ಕಾಲೇಜಿನಲ್ಲಿ ಪಾಠ ಮಾಡಿದವರಾದ್ದರಿಂದ ನಾನು ಮಾಷ್ಟ್ರು ಎಂದೇ ಕರೆಯುತ್ತಿದ್ದೆ. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಬೈಂದೂರಿನಲ್ಲಿ ಇದ್ದಾರೆ. ನಾನು ಮಾಡಿದ್ದು ಆ ಅಮ್ಮನಿಗೆ ಗೊತ್ತಿಲ್ಲ.

ಮಾಷ್ಟ್ರು ಹೋದ ತಿಂಗಳು ತೀರಿಕೊಂಡರು. ಹೇಳಿದ್ದು ಬಸ್ಸಿನ ಕಂಡಕ್ಟರ್. ಲ್ಯಾಬಿನ ಕಾಲದಲ್ಲಿ ಸಂಜೆ ನಾನೂ ಮಾಷ್ಟ್ರೂ ಅವನ ಬಸ್ಸಿನಲ್ಲೇ ವಾಪಸು ಬರುತ್ತಿದ್ದೆವು. ನಾನು ತೆಕ್ಕಟ್ಟೆಯಲ್ಲಿ ಇಳಿದರೆ ಅವರು ಬೈಂದೂರಿನವರೆಗೆ. ಮೊನ್ನೆ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಕೂಗಿದ.

"ಹ್ವಾಯ್ ಮೀನಕ್ಕ, ನಿಮ್ ಮಾಷ್ಟ್ರ್ ಹೋದ್ರ್ ಮಾರ್ರೆ."

"ಎಲ್ಲಿಗೆ?"

"ಎಲ್ಲಿಗ್ ಹೋಪುದ್? ಎಲ್ರೂ ಹೋಪಲ್ಲಿಗೆ."

ನಾನು ಟಿಕೆಟ್ ತೆಗೆದುಕೊಂಡು ಕೂತೆ. ಅಳು ಬರಲಿಲ್ಲ. ಇನ್ನು ಹೇಳುವುದಕ್ಕೆ ಜನ ಇಲ್ಲ ಎನ್ನಿಸಿತು, ಅಷ್ಟೇ.

ಲ್ಯಾಬಿಗೆ ಸೇರುವ ಮೊದಲು ನಲವತ್ತು ವರ್ಷ ಮೀನು ಮಾರಿದವಳು ನಾನು. ಬೆಳಿಗ್ಗೆ ಗಂಗೊಳ್ಳಿಗೆ ಹೋಗಿ ಮೀನು ತೆಗೆದುಕೊಂಡು, ಬುಟ್ಟಿ ಹೊತ್ತು ಸಾಲಿಗ್ರಾಮ, ಸಾಸ್ತಾನ ಕಡೆ ಮನೆ ಮನೆ ತಿರುಗುತ್ತಿದ್ದೆ. ಮೊಣಕಾಲು ಕೈ ಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ಬುಟ್ಟಿ ಹಿಡಿಯುವವರು ಬೇಕಾಯಿತು. ಹಾಗೆ ಈ ಕೆಲಸ ಹಿಡಿದೆ. ಲ್ಯಾಬಿನ ಯಜಮಾನರು ಕೇಳಿದ್ದು ಒಂದೇ ಮಾತು, "ಮೀನ್ ಮುಟ್ಟೂಕೆ ಹೇಸಿಗೆ ಇಲ್ಲೆ ಅಲ್ದಾ?" ನನಗೆ ನಗೆ ಬಂತು.

ಮೊದಲ ದಿನವೇ ಮಾಷ್ಟ್ರ ಹತ್ತಿರ ಬೈಸಿಕೊಂಡೆ. ಶುಕ್ರವಾರ, ಹೊಸ ಕೆಲಸ ಎಂದು ಒಂದು ಊದುಬತ್ತಿ ಹಚ್ಚಿ ಬಾಗಿಲಿಗೆ ಸಿಕ್ಕಿಸಿದ್ದೆ. ಬಂದವರು ಚಪ್ಪಲಿಯನ್ನೂ ಬಿಡದೆ ಓಡಿ ಅದನ್ನು ಕಿತ್ತು ಅಂಗಳಕ್ಕೆ ಎಸೆದರು. ಆಮೇಲೆ ತಾವೇ ಹೋಗಿ ಹೆಕ್ಕಿ, ನೀರಲ್ಲಿ ಅದ್ದಿ, ಮಡಚಿದ ಕಾಗದದಲ್ಲಿ ಇಟ್ಟು ನನ್ನ ಕೈಗೆ ಕೊಟ್ಟರು.

"ದೇವ್ರಿಗೆ ಸಿಟ್ ಬಪ್ಪುದ್ ಬೇಡ ಅಕ್ಕ. ಆದ್ರೆ ಇಲ್ಲಿ ಮೀನಿಗೆ ಹೊಗೆ ಆಗ, ಎಣ್ಣೆ ಆಗ, ಸಾಬೂನ್ ಆಗ. ತಲೆಗೆ ಎಣ್ಣೆ ಹಚ್ಕಂಡ್ ಬಂದ್ರೆ ಕೈ ನೀರಿಗೆ ಹಾಕೂಕಾಗ."

"ಮತ್ತೆಂತ ಆತ್ತ್ ಇಲ್ಲಿ?"

"ಸುಮ್ನೆ ಇಪ್ಪುಕೆ ಆತ್ತ್."

ಅವರು ಹಾಗೆಯೇ. ನಗಿಸಬೇಕೆಂದು ಮಾತಾಡುವವರಲ್ಲ. ನಗೆ ನಮಗೆ ಬರುತ್ತಿತ್ತು, ಅವರಿಗೆ ಬರುತ್ತಿರಲಿಲ್ಲ.

ಉದ್ದ ಮನುಷ್ಯ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಗಾಜಿನ ಕಡ್ಡಿ ಇರುತ್ತಿತ್ತು. ಮೀನು ಸತ್ತಿದೆಯೋ ಇಲ್ಲವೋ ನೋಡುವುದು ಅದರಲ್ಲಿ. ನಾನು ಮೀನನ್ನು ದೂರದಿಂದ ನೋಡಿದರೆ ಸಾಕು, ಎಷ್ಟು ಹೊತ್ತಿಗೆ ಸತ್ತದ್ದು ಎಂದೂ ಹೇಳುತ್ತೇನೆ. ಅವರಿಗೆ ಅದು ಸಾಲದು. ಮೇಲೆ ತೇಲಿದ ಮೀನಿನ ಕಿವಿರು ಆಡುತ್ತಿದೆಯೇ ಎಂದು ಬಗ್ಗಿ ನೋಡುವರು. ಕಡ್ಡಿಯಿಂದ ಬಾಲದ ಬುಡವನ್ನು ಮೆಲ್ಲಗೆ ಮುಟ್ಟುವರು. ಕಾಯುವರು. ಮತ್ತೆ ಮುಟ್ಟುವರು. ಮೂರು ಸಲ ಆದ ಮೇಲೆ "ಹೋಯ್ತ್" ಎನ್ನುವರು. ಮಲಗಿದ ಮಗುವನ್ನು ಎಬ್ಬಿಸಲೋ ಬೇಡವೋ ಎಂದು ನೋಡುವ ಹಾಗೆ ಇರುತ್ತಿತ್ತು ಆ ಮುಟ್ಟುವುದು.

ಮೀನು ತಿನ್ನದ ಮನೆಯವರು. ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ಎಂತ ಮಾಷ್ಟ್ರೇ, ಮೀನ್ ತಿಂಬುಕಾಗ, ಕೊಲ್ಲೂಕೆ ಮಾತ್ರ ಆತ್ತಾ? ನಾವ್ ಕೊಂದದ್ ಹೊಟ್ಟೆಗಾರೂ ಹೋತ್ತ್."

ಬೇರೆಯವರಾದರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಅವರು ಯೋಚನೆ ಮಾಡಿ ಉತ್ತರ ಹೇಳಿದರು. ಸಣ್ಣವರಿದ್ದಾಗ ಬೈಂದೂರಿನ ಅವರ ಮನೆಯ ಹಿಂದೆ ತೋಡು ಇತ್ತಂತೆ. ಮಳೆಗಾಲದಲ್ಲಿ ನೀರಿಗೆ ಎದುರಾಗಿ ಮೀನು ಹತ್ತಿ ಗದ್ದೆಗೆ ಬರುವುದನ್ನು ನೋಡುವುದು ಮಕ್ಕಳಿಗೆ ಆಟ. ಒಂದು ವರ್ಷ ಮೇಲಿನ ಗದ್ದೆಗೆ ಯಾರೋ ಮದ್ದು ಹೊಡೆದರು. ಮರುದಿನ ತೋಡಿನ ತುಂಬ ಮೀನು ಹೊಟ್ಟೆ ಮೇಲೆ ಮಾಡಿ ಬಂದವು. ಮೀನು ಮುಟ್ಟದ ಅವರ ತಾಯಿ ಮೂಗಿಗೆ ಸೆರಗು ಕಟ್ಟಿ, ಹೆಡಿಗೆಯಲ್ಲಿ ತುಂಬಿ, ತೆಂಗಿನ ಬುಡಕ್ಕೆ ಹಾಕಿದರಂತೆ.

"ಎಷ್ಟ್ ಹಾಕ್ರೆ ಸಾಯ್ತ್ ಅಂದೇಳಿ ಯಾರೂ ಮೊದ್ಲೇ ಕೇಂಡಿರ್ಲಿಲ್ಲೆ ಅಕ್ಕ. ಅದನ್ನ್ ಕೇಂಬುದೇ ನನ್ನ್ ಕೆಲ್ಸ."

ಕೇಳುವ ಕ್ರಮ ಹೀಗೆ. ಬೆರಳುದ್ದದ ಗೆಂಡೆ ಮೀನಿನ ಮರಿಗಳು ಒಂದು ದೊಡ್ಡ ತೊಟ್ಟಿಯಲ್ಲಿ ಎರಡು ವಾರ ಇರುತ್ತವೆ. ಆಮೇಲೆ ಗಾಜಿನ ಆರು ತೊಟ್ಟಿ, ಒಂದೊಂದಕ್ಕೆ ಹತ್ತು ಮೀನು. ಐದು ತೊಟ್ಟಿಗೆ ಮದ್ದು, ಒಂದಕ್ಕಿಂತ ಒಂದಕ್ಕೆ ಹೆಚ್ಚು. ಆರನೆಯದಕ್ಕೆ ಮದ್ದಿಲ್ಲ, ಬರಿ ನೀರು. ನಾಲ್ಕು ದಿನ ಬೆಳಿಗ್ಗೆ ಲೆಕ್ಕ. ಬದುಕಿದ್ದೆಷ್ಟು, ಸತ್ತದ್ದೆಷ್ಟು. ಹಿಂದಿನ ದಿನದಿಂದ ನಾಲ್ಕನೇ ದಿನದವರೆಗೆ ಮೀನಿಗೆ ಅನ್ನಾಹಾರ ಇಲ್ಲ. ತಿಂದರೆ ನೀರು ಕೆಡುತ್ತದೆ.

"ಮದ್ದೇ ಇಲ್ದಿದ್ ಮೇಲೆ ಆರ್ನೇದ್ ಎಂತಕೆ?" ಎಂದು ಕೇಳಿದ್ದೆ.

"ಅದ್ ಸಾಕ್ಷಿ. ಬರಿ ನೀರಲ್ಲೂ ಮೀನ್ ಸತ್ರೆ, ಉಳ್ದ ತೊಟ್ಟೀಲಿ ಸತ್ತದ್ದ್ ಮದ್ದಿಂದ ಅಂದೇಳಿ ಹ್ಯಾಂಗ್ ಹೇಳುದ್? ಒಂದ್ ಸತ್ರೆ ನಡಿತ್ತ್. ಎರಡ್ ಸತ್ರೆ ಮುಗೀತ್. ಎಲ್ಲಾ ತೊಟ್ಟಿ ಚೆಲ್ಲಿ ಮೊದ್ಲಿಂದ."

ನನಗೆ ಇದೆಲ್ಲ ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ಬಾಯಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅಂಕೆ ಬರುತ್ತಿತ್ತು, ಅಕ್ಷರ ಅರ್ಧ ಮರೆತುಹೋಗಿತ್ತು. ಬೆಳಿಗ್ಗೆ ಅವರಿಗಿಂತ ಒಂದು ತಾಸು ಮೊದಲು ಬರುವವಳು ನಾನಾದ್ದರಿಂದ ಮೊದಲ ಲೆಕ್ಕ ನನ್ನದೇ ಇರಲಿ ಎಂದರು. ಪುಸ್ತಕದಲ್ಲಿ ಗೆರೆ ಹಾಕಿ 'ಬದುಕಿದ್ದು', 'ಸತ್ತದ್ದು' ಎಂದು ಬರೆದುಕೊಟ್ಟರು. ನಾನು ಅದನ್ನೇ ನೋಡಿ ನೋಡಿ ಬರೆಯಲು ಕಲಿತೆ. ಯಜಮಾನರು ಗೊಣಗಿದರು, "ಮೀನ್ ಮಾರು ಹೆಂಗ್ಸಿನ ಹತ್ರ ಪುಸ್ತ್ಕ ಬರೆಸ್ತ್ರಿಯಾ?" ಅದಕ್ಕೆ ಮಾಷ್ಟ್ರು, "ಅವ್ರಿಗೆ ಸತ್ತ ಮೀನ್ ಗೊತ್ತಾತ್ತ್. ನಿಮ್ಗೆ ಗೊತ್ತಾತ್ತಾ?" ಎಂದರು.

ಪುಸ್ತಕದ ವಿಷಯದಲ್ಲಿ ಅವರದೊಂದು ಹಟ ಇತ್ತು. ತಪ್ಪು ಬರೆದರೆ ಉಜ್ಜಿ ಅಳಿಸಬಾರದು, ಮೇಲೆ ಮೇಲೆ ತಿದ್ದಬಾರದು. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ತಪ್ಪು ಕಾಣುತ್ತಲೇ ಇರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ತನ್ನ ಹೆಸರು ಹಾಕಬೇಕು. "ತಪ್ಪೂ ಲೆಕ್ಕವೇ ಅಕ್ಕ" ಎನ್ನುತ್ತಿದ್ದರು. ಅವರ ಪುಸ್ತಕದಲ್ಲಿ ಅಂಥ ಗೆರೆ ಬೇಕಾದಷ್ಟಿದ್ದವು. ನಾಚಿಕೆ ಇರಲಿಲ್ಲ ಅವರಿಗೆ.

ಇನ್ನೊಂದು ಅಭ್ಯಾಸ. ಪರೀಕ್ಷೆಯ ನಾಲ್ಕು ದಿನ ಅವರು ಲ್ಯಾಬಿನ ಒಳಗೆ ಊಟ ಮಾಡುತ್ತಿರಲಿಲ್ಲ. ಬುತ್ತಿ ಹಿಡಿದುಕೊಂಡು ಹೊರಗೆ ಗೇರು ಮರದ ಬುಡಕ್ಕೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ, ಮೊಸರನ್ನ ಉಣ್ಣುವರು. ಮಳೆ ಬಂದರೆ ಕೊಡೆ ಹಿಡಿದು ಉಣ್ಣುವರು.

"ಒಳ್ಗೆ ಕೂಕಂಡ್ ಉಣ್ಣಿ ಮಾಷ್ಟ್ರೇ, ಮೀನೆಂತ ಕೇಂತ್ತಾ ನಿಮ್ಮತ್ರ?" ಎಂದರೆ, "ಹಸ್ದವ್ರ ಎದ್ರ್ ಉಂಬುಕಾಗ" ಎನ್ನುವರು.

ಇದನ್ನು ನಾನು ತಪ್ಪು ತಿಳಿದುಕೊಂಡೆ. ಈ ಮನುಷ್ಯನಿಗೆ ಮೀನಿಗೆ ಉಣಿಸಲು ಮನಸ್ಸಿದೆ, ನಿಯಮ ಬಿಡುವುದಿಲ್ಲ ಎಂದುಕೊಂಡೆ. ನಿಯಮ ಅವರದೇ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಆ ಮಳೆಗಾಲದಲ್ಲಿ ಒಂದು ಕಂಪೆನಿಯ ಕಳೆ ಮದ್ದು ಬಂತು. ಮೊದಲ ಸಲ ಪರೀಕ್ಷೆಗೆ ಇಟ್ಟಾಗ ಕರೆಂಟು ಹೋಗಿ ಗಾಳಿ ಪಂಪು ನಿಂತು ಬರಿ ನೀರಿನ ಮೀನು ಸತ್ತವು. ಎಲ್ಲ ಚೆಲ್ಲಿದರು. ಕಂಪೆನಿಯವರು, ಇನ್ನೊಂದು ಸಲ ನೋಡುತ್ತೇವೆ, ಆಗದಿದ್ದರೆ ಬೇರೆ ಕಡೆ ಕೊಡುತ್ತೇವೆ ಎಂದರು. ಯಜಮಾನರು ಮಾಷ್ಟ್ರಿಗೆ ನನ್ನ ಎದುರೇ ಹೇಳಿದರು, "ಈ ಸಲವೂ ಹೋದ್ರೆ ನಿಮ್ಗೆ ಇಲ್ಲಿ ಕೆಲ್ಸ ಇಲ್ಲೆ."

ಸೋಮವಾರ ಮೀನು ಬಿಟ್ಟರು. ಮಂಗಳವಾರ ಬೆಳಿಗ್ಗೆ ಬರಿ ನೀರಿನ ತೊಟ್ಟಿಯಲ್ಲಿ ಹತ್ತೂ ಗಟ್ಟಿ ಇದ್ದವು. ಹೆಚ್ಚು ಮದ್ದಿನ ತೊಟ್ಟಿಯಲ್ಲಿ ಆರು ಹೋಗಿದ್ದವು. ಸಂಜೆ ಮಾಷ್ಟ್ರು ಬಸ್ ಸ್ಟಾಪಿಗೆ ಮುಂದೆ ಹೋದರು. ಬೀಗ ಹಾಕಿ ಬರುತ್ತೇನೆ ಎಂದು ನಾನು ಹಿಂದೆ ಉಳಿದೆ. ನನ್ನ ಬುತ್ತಿಯಲ್ಲಿ ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿ ಅರ್ಧ ಉಳಿದಿತ್ತು. ಮದ್ದಿನ ತೊಟ್ಟಿಯ ಮೀನುಗಳು ಹೇಗೂ ಸಾಯುವವು, ಇವು ಬದುಕುವವು, ಬದುಕುವವಕ್ಕೆ ಯಾಕೆ ಉಪವಾಸ ಎಂದು ಗಂಜಿಯನ್ನು ಬರಿ ನೀರಿನ ತೊಟ್ಟಿಗೆ ಹೊಯ್ದೆ. ಮೀನು ಮುತ್ತಿ ತಿಂದವು. ನೋಡಿ ಖುಷಿಯಾಯಿತು. ಬಸ್ಸಿನಲ್ಲಿ ಮಾಷ್ಟ್ರ ಹಿಂದಿನ ಸೀಟಿನಲ್ಲಿ ಕೂತು, ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಮಾಡಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಹುಳಿ ವಾಸನೆ. ತೊಟ್ಟಿಯ ನೀರು ಬೆಳ್ಳಗೆ. ಪಂಪಿನ ಗಾಳಿ ಬರುವ ಕಲ್ಲಿನ ಮೇಲೆ ಗಂಜಿ ಕೂತು ಗುಳ್ಳೆ ನಿಂತಿತ್ತು. ಎರಡು ಮೀನು ತೇಲುತ್ತಿದ್ದವು. ಉಳಿದ ಎಂಟು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಗಾಜಿನ ಕಡ್ಡಿ ಬೇಕಾಗಲಿಲ್ಲ ನನಗೆ.

ಆಗ ನನ್ನ ಕೈ ಮಾಡಿದ್ದು ಮೀನು ಮಾರುವವಳ ಕೆಲಸ. ನಲವತ್ತು ವರ್ಷ ನಾನು ಮಾಡಿದ್ದು ಅದನ್ನೇ. ಗಿರಾಕಿ ಬಾಗಿಲು ತೆಗೆಯುವುದರೊಳಗೆ ಮೆತ್ತಗಾದ ಮೀನನ್ನು ಅಡಿಗೆ ತಳ್ಳಿ ಗಟ್ಟಿಯದನ್ನು ಮೇಲೆ ಇಡುವುದು. ಅದಕ್ಕೆ ಯೋಚನೆ ಬೇಡ, ಕೈಯೇ ಮಾಡುತ್ತದೆ. ಮುಕ್ಕಾಲು ನೀರು ಹೊರಗೆ ತೆಗೆದೆ, ಹೊರಗಿನ ಡ್ರಮ್ಮಿನ ನೀರು ತುಂಬಿಸಿದೆ, ಕಲ್ಲು ತೊಳೆದೆ. ಸತ್ತ ಎರಡನ್ನು ತೆಗೆದು ಹಿತ್ತಲಿನ ಬೆಕ್ಕಿಗೆ ಹಾಕಿದೆ. ದೊಡ್ಡ ತೊಟ್ಟಿಯಿಂದ ಅದೇ ಅಳತೆಯ, ಅದೇ ಬಣ್ಣದ ಎರಡನ್ನು ಆರಿಸಿ ತಂದು ಬಿಟ್ಟೆ. ಪುಸ್ತಕ ತೆಗೆದೆ. ಬದುಕಿದ್ದು ೧೦. ಸತ್ತದ್ದು ೦. ಅಕ್ಷರ ಚೆನ್ನಾಗಿಯೇ ಬಂತು.

ಮಾಷ್ಟ್ರು ಬಂದರು. ಪುಸ್ತಕ ನೋಡಿದರು. ತೊಟ್ಟಿಗಳ ಮುಂದೆ ಒಂದೊಂದಾಗಿ ಬಗ್ಗುತ್ತಾ ಬಂದರು. ಆರನೆಯದರ ಮುಂದೆ ಬಗ್ಗಿದವರು ಏಳಲಿಲ್ಲ. ನಾನೂ ನೋಡಿದೆ. ಆಗ ಕಂಡಿತು. ಹತ್ತರಲ್ಲಿ ಎರಡು ಮೀನು ಹಿಂದೆ ದಾರದ ಹಾಗೆ ಕಪ್ಪು ಹೇಲು ಬಿಟ್ಟುಕೊಂಡು ಈಜುತ್ತಿದ್ದವು. ಗಂಜಿ ತಿಂದವಲ್ಲ, ದೊಡ್ಡ ತೊಟ್ಟಿಯ ಕಪ್ಪು ತಿಂಡಿ ತಿಂದು ಹೊಟ್ಟೆ ತುಂಬಿದ ಮೀನು. ದೊಡ್ಡ ತೊಟ್ಟಿಗೆ ಹಿಂದಿನ ಸಂಜೆ ತಿನ್ನಲು ಹಾಕಿದವಳು ನಾನೇ. ಮಾಷ್ಟ್ರು ನೀರಿನ ಬಿಸಿ ನೋಡುವ ಕೊಳವೆಯನ್ನು ಆ ತೊಟ್ಟಿಗೆ ಇಳಿಸಿದರು. ಪಕ್ಕದ ತೊಟ್ಟಿಗೆ ಇಳಿಸಿದರು. ಮತ್ತೆ ಅದಕ್ಕೇ ಇಳಿಸಿದರು. ಅದೊಂದರ ನೀರು ತಂಪಾಗಿತ್ತು.

"ಅಕ್ಕ, ಬೆಳಿಗ್ಗೆ ಯಾರಾರೂ ಬಂದಿದ್ರಾ?"

ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಅವರ ಹತ್ತಿರ ಒಂದು, ನನ್ನ ಹತ್ತಿರ ಒಂದು.

"ಯಾರೂ ಬರ್ಲಿಲ್ಲೆ."

"ನೀವ್ ಎಂತಾರೂ ಹಾಕಿದ್ರಾ? ಹಾಕ್ರೆ ಹೇಳಿ. ಬೈತಿಲ್ಲೆ."

"ನಾ ಎಂತಕ್ ಹಾಕ್ಲಿ? ಎಂತದೂ ಹಾಕ್ಲಿಲ್ಲೆ."

ಇನ್ನೊಂದು ಸಲ ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ಮೀನಿನ ಬಾಲವನ್ನು ಮೂರು ಸಲ ಮುಟ್ಟುವವರು ನನ್ನನ್ನು ಎರಡೇ ಸಲ ಮುಟ್ಟಿ ಬಿಟ್ಟರು.

ಯಜಮಾನರು ಬಂದಾಗ ಮಾಷ್ಟ್ರು ನೇರ ಹೇಳಿದರು, ಪರೀಕ್ಷೆ ಕೆಟ್ಟಿದೆ, ಕಂಪೆನಿಗೆ ಬರೆಯಬೇಕು. ನಾನು ನೆಲ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಬಾಗಿಲ ಹತ್ತಿರವೇ ಇದ್ದೆ.

"ಎಲ್ ಕೆಟ್ಟಿತ್ತ್? ಪುಸ್ತ್ಕದಲ್ಲಿ ಹತ್ತ್ ಇತ್ತ್, ತೊಟ್ಟೀಲಿ ಹತ್ತ್ ಇತ್ತ್. ಬರೀರಿ ಮಾರ್ರೆ!"

"ಹತ್ತ್ ಇತ್ತ್. ಆದ್ರೆ ನಾ ಬಿಟ್ಟ ಹತ್ತ್ ಅಲ್ಲ."

"ಮೀನಿಗೆಂತ ರೇಷನ್ ಕಾರ್ಡ್ ಇತ್ತಾ ನಿಮ್ದ್? ಯಾರ್ ಬದ್ಲ್ ಮಾಡ್ದ್?"

ನನ್ನ ಕೈಯ ಹಿಡಿಸೂಡಿ ನಿಂತಿತು. ಮಾಷ್ಟ್ರು ನನ್ನ ಕಡೆ ತಿರುಗಲಿಲ್ಲ.

"ಈ ಕೋಣೆ ನಂದ್. ಇಲ್ಲಿ ಆದದ್ದ್ ನನ್ನಿಂದ ಆದದ್ದ್. ಹಾಂಗೇ ಬರಿತೆ."

ಯಜಮಾನರು ಕೂಗಾಡಿದರು. ಮದ್ದಿನ ತೊಟ್ಟಿಯ ಲೆಕ್ಕ ಸರಿ ಇದೆಯಲ್ಲ, ಒಂದು ತೊಟ್ಟಿಗಾಗಿ ಯಾಕೆ ಇಷ್ಟು ಎಂದರು. ಸಾಕ್ಷಿ ಸುಳ್ಳಾದ ಮೇಲೆ ಉಳಿದ ಐದರ ಮಾತನ್ನು ತಾನು ನಂಬುವುದಿಲ್ಲ ಎಂದರು ಮಾಷ್ಟ್ರು. ಹಾಗಾದರೆ ನಾಳೆಯಿಂದ ಬರಬೇಡಿ ಎಂದರು ಯಜಮಾನರು. ಮಾಷ್ಟ್ರು ಸರಿ ಎಂದರು. ಅವರಿಗೆ ಆಗ ಐವತ್ತರ ಹತ್ತಿರ. ಆ ವಯಸ್ಸಿಗೆ ಮೀನು ಎಣಿಸುವವನಿಗೆ ಬೇರೆ ಎಲ್ಲಿ ಕೆಲಸ?

ನಾನು ಬಾಯಿ ತೆರೆಯಲಿಲ್ಲ. ಪಾಪ ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ. ಬುಟ್ಟಿಯ ಭಾರ ನೆನಪಾಯಿತು, ಬಸ್ಸಿನ ಮೆಟ್ಟಿಲು ನೆನಪಾಯಿತು, ಮೊಣಕಾಲು ನೆನಪಾಯಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇತ್ತು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು.

ಸಂಜೆ ಹೋಗುವಾಗ ಮಾಷ್ಟ್ರು ಜೇಬಿನ ಗಾಜಿನ ಕಡ್ಡಿ ತೆಗೆದು ಪುಸ್ತಕದ ಮೇಲೆ ಇಟ್ಟರು. ಲ್ಯಾಬಿನದು ಲ್ಯಾಬಿಗೆ.

"ಅಕ್ಕ, ಪರೀಕ್ಷೆ ಕೆಟ್ರೂ ನಾಲ್ಕ್ ದಿನ ಲೆಕ್ಕ ಬರೀಕ್. ಅಷ್ಟ್ ಮೀನ್ ಸಾಯ್ತಿತ್ತಲ್ದಾ, ಅದನ್ನ್ ಯಾರಾರೂ ಬರೀಕಲ್ದಾ. ನಾಳೆ, ನಾಡ್ದ್. ನೀವೇ ಬರೀರಿ."

"ಬರಿತೆ" ಎಂದೆ.

ಆ ದಿನ ನಾನು ಅವರ ಜೊತೆ ಬಸ್ಸಿಗೆ ಹೋಗಲಿಲ್ಲ. ತೊಟ್ಟಿ ತೊಳೆಯಲಿಕ್ಕಿದೆ ಎಂದು ಉಳಿದೆ. ತೊಳೆಯಲಿಕ್ಕೆ ಏನೂ ಇರಲಿಲ್ಲ.

ಆಮೇಲೆ ಅವರು ಬೈಂದೂರಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆಂದು ಕಂಡಕ್ಟರ್ ಹೇಳುತ್ತಿದ್ದ. ಆ ಮದ್ದು ಬೇರೆಲ್ಲಿ ಪರೀಕ್ಷೆಯಾಯಿತೋ, ಯಾವ ಗದ್ದೆಗೆ ಬಂತೋ ನನಗೆ ಗೊತ್ತಿಲ್ಲ. ಲ್ಯಾಬ್ ಇನ್ನೂ ನಾಲ್ಕು ವರ್ಷ ನಡೆಯಿತು, ನಾನೂ ಅಲ್ಲೇ ಇದ್ದೆ. ಹೊಸದಾಗಿ ಬಂದವರು ಲ್ಯಾಬಿನೊಳಗೇ ಊಟ ಮಾಡುತ್ತಿದ್ದರು.

ಒಂದು ಸಲ ಮಾತ್ರ ಅವರನ್ನು ಕಂಡೆ, ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ. ತೆಳ್ಳಗಾಗಿದ್ದರು. ಜೇಬಿನಲ್ಲಿ ಪೆನ್ನೊಂದೇ ಇತ್ತು. ದೂರದಿಂದ ಗುರುತು ಹಿಡಿದು "ಅಕ್ಕಾ" ಎಂದು ಕೈ ಎತ್ತಿದರು. ನಾನು ಕೇಳದವಳ ಹಾಗೆ ಎದುರಿಗೆ ನಿಂತ ಬಸ್ಸು ಹತ್ತಿದೆ. ಅದು ಸಿದ್ದಾಪುರದ ಬಸ್ಸು. ನನಗೆ ಅಲ್ಲಿ ಯಾರೂ ಇಲ್ಲ. ಅಷ್ಟು ದೂರ ಹೋಗಿ, ಇಳಿದು, ಮತ್ತೊಂದು ಬಸ್ಸು ಹಿಡಿದು ವಾಪಸು ಬಂದೆ. ಬೈಯಲು ಕರೆದದ್ದಲ್ಲ ಎಂದು ನನಗೆ ಗೊತ್ತಿತ್ತು. ಬೈಯಲು ಕರೆದಿದ್ದರೆ ಹೋಗುತ್ತಿದ್ದೆ.

ಅವರು ಕೆಲಸ ಬಿಟ್ಟ ಮರುದಿನ ಬೆಳಿಗ್ಗೆ ನಾನು ಎಂದಿನ ಬಸ್ಸಿಗೇ ಹೋದೆ. ಬಾಗಿಲು ತೆಗೆದೆ. ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಒಂದನೇ ತೊಟ್ಟಿಯಿಂದ ಲೆಕ್ಕ ಮಾಡುತ್ತಾ ಬಂದೆ. ಈ ಸಲ ತೇಲಿದ ಒಂದೊಂದನ್ನೂ ಕಡ್ಡಿಯಿಂದ ಮೂರು ಮೂರು ಸಲ ಮುಟ್ಟಿ ನೋಡಿದೆ, ಕಾದೆ, ಬರೆದೆ. ಬರಿ ನೀರಿನ ತೊಟ್ಟಿಯಲ್ಲಿ ಆ ದಿನ ಯಾವುದೂ ಸತ್ತಿರಲಿಲ್ಲ. ಹಿಂದಿನ ದಿನದ ಸಾಲಿಗೆ ಹೋದೆ. ನನ್ನ ಸೊನ್ನೆಯ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ೨ ಎಂದು ಬರೆದೆ. ಹತ್ತರ ಮೇಲೂ ಗೆರೆ ಎಳೆದು ೮ ಬರೆದೆ. ಹೆಸರು ಹಾಕಿದೆ, ಪೂರ್ತಿ ಹೆಸರು. ಹಾಕಲು ಬಹಳ ಹೊತ್ತು ಹಿಡಿಯಿತು. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು ನೆಲ ಗುಡಿಸಿದೆ.

ಒಂಬತ್ತು ಗಂಟೆಗೆ ಯಜಮಾನರು ಬಂದರು. ಬಾಗಿಲಲ್ಲೇ ನಿಂತು, "ಎಂತ, ಎಲ್ಲಾ ಸರಿ ಇತ್ತಾ?" ಎಂದರು.

"ಸರಿ ಇತ್ತ್" ಎಂದೆ.